ಯೋಮ್ ಎಂಬವರು

ಮೊಕ್ಪೊ ಬಂದರಿನಿಂದ ಯುದಲ್ ಬೆಟ್ಟದ ಕಡೆಗೆ ಏರುವ ರಸ್ತೆಯಲ್ಲಿ ಪಿಲ್ಸುನ್ ಅಕ್ಕನ ಲಾಂಡ್ರಿ ಇದೆ. ಪಕ್ಕದ್ದು ನನ್ನ ಅಂಗಡಿ. ಅನ್ನದ ಜೊತೆ ನೆಂಚಿಕೊಳ್ಳುವ ಪಲ್ಯ, ಹುರಿದ ಒಣಮೀನು, ಉಪ್ಪಿನಲ್ಲಿ ಕಳಿತ ಸೊಪ್ಪು ಇಂಥವನ್ನು ಮಾಡಿ ಮಾರುತ್ತೇನೆ. ನಮ್ಮಿಬ್ಬರ ನಡುವೆ ಒಂದೇ ಗೋಡೆ. ಅವಳ ಇಸ್ತ್ರಿ ಆವಿ ಉಗುಳುವ ಸದ್ದು ನನ್ನ ಕಡೆಗೆ ಬರುತ್ತದೆ, ನನ್ನ ಮೀನಿನ ಘಾಟು ಅವಳ ಕಡೆಗೆ ಹೋಗುತ್ತದೆ. ತೊಳೆದ ಕೋಟಿಗೆ ಮೀನಿನ ವಾಸನೆ ಹತ್ತಿದೆ ಎಂದು ಗಿರಾಕಿ ಬೈದರೂ ಅಕ್ಕ ಒಂದು ದಿನವೂ ನನ್ನ ಮೇಲೆ ಮುಖ ಸಿಂಡರಿಸಿದವಳಲ್ಲ. ಅವಳು ನನ್ನನ್ನು ಕರೆಯುವುದು ನನ್ನ ಮಗನ ಹೆಸರು ಹಿಡಿದು, ಹಾರಮ್ ಅಮ್ಮ ಎಂದು.

ಅಕ್ಕ ಓದಿದ್ದು ಆರನೆಯ ತರಗತಿಯವರೆಗೆ. ಆಮೇಲೆ ಬುಸಾನಿನಲ್ಲಿ ಕೂದಲಿನ ಟೋಪನ್ ಹೆಣೆಯುವ ಕಾರ್ಖಾನೆಗೆ ಸೇರಿದಳು. ಅಲ್ಲಿ ದುಡಿದು ತಂಗಿ ಮಲ್ಜಾಳನ್ನು ಹೈಸ್ಕೂಲು ಓದಿಸಿದಳು. ಮಲ್ಜಾ ಎಂದರೆ ಹೆಣ್ಣು ಇಲ್ಲಿಗೆ ಸಾಕು ಎಂದು ಹೆತ್ತವರು ಇಡುವ ಹೆಸರು. ಆ ಸಾಕಾದ ಹೆಣ್ಣಿಗೆ ತಾಯಿಯಂತೆ ನಿಂತವಳು ಅಕ್ಕ. ಮದುವೆಯಾದದ್ದು ದಲ್ಸು ಎಂಬ ಲಾಂಡ್ರಿಯವನನ್ನು. ಮಕ್ಕಳಾಗಲಿಲ್ಲ. ಮಲ್ಜಾಳ ಮಗಳು ಸೋದಮ್ ಅವಳಿಗೆ ಮಗಳಿಗಿಂತ ಹೆಚ್ಚು. ಸೋದಮ್ ಬಾಯಲ್ಲಿ "ದೊಡ್ಡಮ್ಮ" ಎಂದು ಬಂದರೆ ಸಾಕು, ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಅನ್ನ ಬಡಿಸಲು ಏಳುತ್ತಿದ್ದಳು.

ಅರವತ್ತರ ಹತ್ತಿರ ಬಂದಾಗ ಅಕ್ಕ ನಗರದ ಗ್ರಂಥಾಲಯದಲ್ಲಿ ವಯಸ್ಸಾದವರಿಗೆ ಇಂಟರ್ನೆಟ್ಟಿನಲ್ಲಿ ಹುಡುಕುವುದನ್ನು ಹೇಳಿಕೊಡುವ ತರಗತಿಗೆ ಸೇರಿದಳು. ಬೇ ಎನ್ನುವ ಹುಡುಗಿ ಟೀಚರು. ಮೊದಲ ದಿನ ಎಲ್ಲರೂ ಫೋನಿನಲ್ಲಿ ಉದ್ದುದ್ದ ಪ್ರಶ್ನೆ ಬರೆದರಂತೆ, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ. ಪ್ರಶ್ನೆ ಬರೆಯಬೇಡಿ, ಉತ್ತರ ಬರೆದವರು ಯಾವ ಪದ ಬಳಸಿರುತ್ತಾರೋ ಆ ಪದ ಬರೆಯಿರಿ ಎಂದು ಟೀಚರು ಹೇಳಿದರು. ಅಕ್ಕನಿಗೆ ಆ ಮಾತು ನಾಟಿತು. ಕಲೆ ತೆಗೆಯುವುದು ಹೇಗೆ ಎಂದು ಬರೆದರೆ ಸಾಬೂನಿನ ಜಾಹೀರಾತು ಬರುತ್ತದೆ. ತುಕ್ಕು, ನಾರುಬಟ್ಟೆ, ಆಮ್ಲ ಎಂದು ಮೂರು ಪದ ಬರೆದರೆ ಆ ಕೆಲಸ ಮಾಡಿ ನೋಡಿದವರು ಸಿಗುತ್ತಾರೆ. ಪದಗಳ ಎರಡು ಬದಿಗೆ ಉದ್ಧರಣ ಚಿಹ್ನೆ ಹಾಕಿದರೆ ಅವು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಬೇಡದ ಪದದ ಮುಂದೆ ಕಿರುಗೆರೆ ಎಳೆದರೆ ಅದು ತೊಲಗುತ್ತದೆ. ಯಾವ ವರ್ಷ ಬರೆದದ್ದು ಎಂದು ನೋಡದೆ ಯಾವುದನ್ನೂ ನಂಬಬಾರದು. ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆಯೂ ಕಾಣುವ ತನಕ ಬಾಯಿ ಬಿಡಬಾರದು. ಇವನ್ನೆಲ್ಲ ಅಕ್ಕ ನನಗೆ ಗೋಡೆಯಾಚೆಯಿಂದ ಕೂಗಿ ಹೇಳುತ್ತಿದ್ದಳು, ಮಗು ಪಾಠ ಒಪ್ಪಿಸುವ ಹಾಗೆ.

ಆಮೇಲೆ ಅವಳ ಹೆಸರು ಬೀದಿಯಲ್ಲಿ ಹಬ್ಬಿತು. ಬಲೆ ಮಾರುವ ಮಾ ಅಣ್ಣನ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತ್ತು, ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಅಕ್ಕ ಬಾಯ್ಲರಿನ ಹಿಂದೆ ಕೈಹಾಕಿ ತಗಡಿನ ಮೇಲಿದ್ದ ಸಂಖ್ಯೆ ಒರೆಸಿ ಓದಿ, ಉದ್ಧರಣ ಚಿಹ್ನೆಯೊಳಗೆ ಹಾಕಿ, ದೇಗು ಊರಿನ ಉಗ್ರಾಣವೊಂದರಲ್ಲಿ ಬಿಡಿಭಾಗ ಹುಡುಕಿಕೊಟ್ಟಳು. ಕ್ಷೌರದಂಗಡಿಯವನ ಮಗಳು ರಾಜಧಾನಿ ಸೋಲ್ ನಗರದಲ್ಲಿ ಬಾಡಿಗೆ ಕೋಣೆ ಹಿಡಿಯಲು ಹೊರಟಿದ್ದಳು. ಅದೇ ಕೋಣೆಯ ಚಿತ್ರ ಬುಸಾನಿನ ಜಾಹೀರಾತಿನಲ್ಲೂ ಇದೆ ಎಂದು ಅಕ್ಕ ತೋರಿಸಿ, ಮೋಸ ಹೋಗುವುದನ್ನು ತಪ್ಪಿಸಿದಳು. ಬಟ್ಟೆ ಕೊಡಲು ಬಂದವರು ಏನಾದರೊಂದು ಹುಡುಕಿಸಿಕೊಂಡೇ ಹೋಗುತ್ತಿದ್ದರು. ದಲ್ಸು ಭಾವ ಮಾತ್ರ ಗೊಣಗುತ್ತಿದ್ದ.

"ಲೋಕದಲ್ಲಿರೋದೆಲ್ಲ ಸಿಗುತ್ತೆ ಇವಳಿಗೆ. ನನ್ನ ಕಾಲುಚೀಲದ ಜೋಡಿ ಒಂದು ಸಿಗಲ್ಲ."

"ಕಾಲುಚೀಲಕ್ಕೆ ವಿಳಾಸ ಬರೆದಿಡಿ ರೀ, ಹುಡುಕ್ತೀನಿ" ಎನ್ನುತ್ತಿದ್ದಳು ಅಕ್ಕ.

ಓದಲಾಗದೆ ಉಳಿದ ಹೆಂಗಸಿಗೆ ಓದಿದವರು ಬಂದು ಕೇಳುವುದೆಂದರೆ ಸಣ್ಣ ಸುಖವಲ್ಲ. ಆ ಸುಖ ಅವಳ ನಡಿಗೆಯಲ್ಲಿ ಕಾಣುತ್ತಿತ್ತು.

ಸೋದಮ್‌ಗೆ ಗಂಡು ಗೊತ್ತಾದದ್ದು ಆ ಕಾಲದಲ್ಲಿ. ಅವಳೇ ಮೆಚ್ಚಿದವನು. ಹೆಸರು ಜಿನ್ಮೋ, ಮನೆತನದ ಹೆಸರು ಯೋಮ್. ಊರು ಸುಂಚೋನ್. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸಿ ಎಬ್ಬಿಸಿ ನಡೆಸುವ ಕೆಲಸ. ಎರಡೂ ಮನೆಯವರು ಸೇರಿ ಊಟ ಮಾಡಿದ ದಿನ ಅಕ್ಕ, ಭಾವ ಇಬ್ಬರೂ ಹೋಗಿದ್ದರು. ಅಕ್ಕ ಬಟ್ಟಲೆತ್ತುವಾಗ ಬಲಗೈ ಎಳೆದುಕೊಳ್ಳುವುದನ್ನು ಆ ಹುಡುಗ ಗಮನಿಸಿದನಂತೆ. ಊಟವಾದ ಮೇಲೆ ಹೋಟೆಲಿನ ಓಣಿಯಲ್ಲಿ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳಿನಿಂದ ಗೋಡೆ ಹತ್ತುವಂತೆ ತೋಳು ಮೇಲೆತ್ತುವುದನ್ನು ಹೇಳಿಕೊಟ್ಟ. "ಇಸ್ತ್ರಿ ಹಿಡಿಯೋ ಭುಜ ದೊಡ್ಡಮ್ಮ, ದಿನಾ ಮಾಡಿ" ಎಂದ. ಅವಳು ಮಾಡುತ್ತಿದ್ದಳು. ಲಾಂಡ್ರಿಯ ಗೋಡೆ ಹತ್ತುವ ಅವಳ ಬೆರಳಿನ ಸದ್ದು ನನಗೆ ಈಚೆ ಕೇಳುತ್ತಿತ್ತು.

ಆ ಊಟದಲ್ಲಿ ಮಲ್ಜಾ ಬೀಗರ ಎದುರು ಒಂದು ಮಾತು ಆಡಿದ್ದಳು. "ನಮ್ಮಕ್ಕ ಎಂಥದನ್ನೂ ಹುಡುಕಿ ತೆಗೀತಾಳೆ. ಆದ್ರೆ ನಿಮ್ಮ ಹುಡುಗನಲ್ಲಿ ಹುಡುಕೋಕೆ ಅಂತ ಏನೂ ಇಲ್ಲ ಬಿಡಿ." ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಅದು ಹೊಗಳಿಕೆ. ಆದರೂ ಅದು ಅವಳೊಳಗೆ ಎಲ್ಲೋ ಮುಳ್ಳಿನಂತೆ ಉಳಿಯಿತು ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದಳು.

ಮಳೆಗಾಲದ ಒಂದು ಮಧ್ಯಾಹ್ನ. ಬಟ್ಟೆ ಕೊಡುವವರೂ ಇಲ್ಲ, ಒಯ್ಯುವವರೂ ಇಲ್ಲ. ಯಾರೂ ಕೇಳದಿದ್ದರೂ ಅಕ್ಕ ಜಿನ್ಮೋನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದಳು. ಯಾವುದೋ ಓಟದ ಸ್ಪರ್ಧೆಯ ಪಟ್ಟಿಯಲ್ಲಿ ಅವನ ಹೆಸರಿತ್ತು. ಆಸ್ಪತ್ರೆಯ ವಾರ್ಷಿಕೋತ್ಸವದ ಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿದ್ದ. ಅಷ್ಟೇ. ಅಲ್ಲಿಗೆ ಬಿಡಬಹುದಿತ್ತು. ಅವಳು ಹೆಸರು ತೆಗೆದು ಮನೆತನವನ್ನಷ್ಟೇ ಉಳಿಸಿಕೊಂಡು, ಅದರ ಪಕ್ಕ ಊರು, ಅದರ ಪಕ್ಕ ಕೆಲಸ ಬರೆದಳು.

"ಹಾರಮ್ ಅಮ್ಮ, ಸ್ವಲ್ಪ ಇಲ್ಲಿ ಬಾ."

ಕೈ ಒರೆಸಿಕೊಂಡು ಹೋದೆ. ಫೋನು ನನ್ನ ಮುಖಕ್ಕೆ ಹಿಡಿದಳು. ಮೂರು ವರ್ಷ ಹಿಂದಿನ ಸುದ್ದಿ. ಸುಂಚೋನಿನ ವೃದ್ಧರ ಆಸ್ಪತ್ರೆಯೊಂದರಲ್ಲಿ ವ್ಯಾಯಾಮ ಮಾಡಿಸುವ ಸಿಬ್ಬಂದಿ, ಯೋಮ್ ಎಂಬ ಇಪ್ಪತ್ತೊಂಬತ್ತರ ವಯಸ್ಸಿನವರು, ಮಾತು ಬಾರದ ಮುದುಕರೊಬ್ಬರ ಮಣಿಕಟ್ಟುಗಳನ್ನು ಮಂಚಕ್ಕೆ ಕಟ್ಟಿ ಕೆನ್ನೆಗೆ ಹೊಡೆದಿದ್ದರು. ಮುದುಕರ ಮಗ ಕ್ಯಾಮೆರಾದಲ್ಲಿ ನೋಡಿ ಪೊಲೀಸರಿಗೆ ದೂರು ಕೊಟ್ಟಿದ್ದ. ಇಲ್ಲಿನ ಪತ್ರಿಕೆಗಳು ಇಂಥ ಸುದ್ದಿಯಲ್ಲಿ ಪೂರ್ತಿ ಹೆಸರು ಹಾಕುವುದಿಲ್ಲ. ಮನೆತನದ ಹೆಸರು, ವಯಸ್ಸು, ಅಷ್ಟರಲ್ಲೇ ಮುಗಿಸುತ್ತಾರೆ.

ಯೋಮ್ ಅಂತ ಮಾತ್ರ ಇದೆಯಲ್ಲ ಎಂದೆ.

"ಕಿಮ್ ಅಂತಿದ್ರೆ ನಾನೂ ಬಿಟ್ಬಿಡ್ತಿದ್ದೆ, ಕಲ್ಲೆಸೆದ್ರೆ ಕಿಮ್‌ಗೇ ಬೀಳುತ್ತೆ. ಯೋಮ್ ಎಷ್ಟು ಜನ ಇರ್ತಾರೆ ಹೇಳು? ಅದೇ ಊರು, ಅದೇ ಕೆಲಸ. ಅವನಿಗೆ ಈಗ ಮೂವತ್ತೆರಡು. ಲೆಕ್ಕ ಹಾಕು."

ಲೆಕ್ಕ ಸರಿಯಾಗಿತ್ತು. ಆದರೆ ಅವಳ ಮುಖ ನೋಡಿದೆ. ತಂಗಿಯ ಮಗಳ ಬಾಳು ಕೆಟ್ಟಿತಲ್ಲ ಎಂಬ ಸಂಕಟ ಅಲ್ಲಿ ಇದ್ದಿರಬಹುದು, ಆದರೆ ಅದರ ಮೇಲೆ ಬೇರೆ ಏನೋ ಹೊಳೆಯುತ್ತಿತ್ತು. ಬಾಯ್ಲರಿನ ಬಿಡಿಭಾಗ ಸಿಕ್ಕ ದಿನ ಇದ್ದದ್ದೇ ಆ ಹೊಳಪು.

ಮಲ್ಜಾ ಮೊದಲೇ ಬೆಂಕಿಕಡ್ಡಿ. ಅಕ್ಕ ತೋರಿಸಿದ್ದನ್ನು ಓದಿ ಮುಗಿಸುವ ಮುಂಚೆಯೇ ಮಗಳಿಗೆ ಫೋನು ಮಾಡಿದಳು. ಮುಂದಿನ ಭಾನುವಾರ ಜಿನ್ಮೋನನ್ನು ಮನೆಗೆ ಕರೆಸಿದರು. ಹಣ್ಣಿನ ಪೊಟ್ಟಣ ಹಿಡಿದು ನಗುತ್ತ ಬಂದವನ ಕೈಗೆ ಮಲ್ಜಾ ಫೋನು ಕೊಟ್ಟಳು. ಅವನು ನಿಧಾನವಾಗಿ ಓದಿದ. ಇದು ನಾನಲ್ಲ ಎಂದ. ಹಾಗಾದರೆ ಯಾರು ಎಂದು ಮಲ್ಜಾ ಕೇಳಿದಳು. ತನಗೆ ಗೊತ್ತಿಲ್ಲ, ಅದು ಬೇರೆ ಆಸ್ಪತ್ರೆ, ತಾನು ಅಲ್ಲಿ ಕೆಲಸ ಮಾಡಿದವನೇ ಅಲ್ಲ ಎಂದ. ಸಿಟ್ಟು ಮಾಡಲಿಲ್ಲ. ಯಾರೋ ತಪ್ಪು ವಿಳಾಸಕ್ಕೆ ಬಂದಿದ್ದಾರೆ, ದಾರಿ ಹೇಳಿ ಕಳಿಸಿದರಾಯಿತು ಎಂಬಂತೆ ಇತ್ತಂತೆ ಅವನ ದನಿ.

ಆಗ ಅಕ್ಕ ಬಾಯಿ ಹಾಕಿದಳು.

"ಪೂರ್ತಿ ಹೆಸರು ಹಾಕಿಲ್ಲ ನೋಡಪ್ಪ. ಯಾರು ಬೇಕಾದ್ರೂ ನಾನಲ್ಲ ಅನ್ನಬಹುದು."

ಅವನು ಅಕ್ಕನನ್ನು ನೋಡಿದ. ಆಮೇಲೆ ಸೋದಮ್ ಕಡೆ ತಿರುಗಿದ. ಅಲ್ಲಿಯ ತನಕ ತಲೆ ತಗ್ಗಿಸಿ ಕೂತಿದ್ದ ಸೋದಮ್ ಮೆಲ್ಲಗೆ ಕೇಳಿದಳು.

"ನಿಜವಾಗ್ಲೂ ನೀನಲ್ವಾ?"

ಅವನು ಎದ್ದು ನಿಂತ. ಎಲ್ಲರಿಗೂ ಬಾಗಿ ನಮಸ್ಕರಿಸಿ, ಬಾಗಿಲಲ್ಲಿ ಬೂಟು ಹಾಕಿಕೊಂಡು ಹೋದ.

ಅಷ್ಟಾದರೂ ಸಂಬಂಧ ಕಡಿದಿರಲಿಲ್ಲ. ಹುಡುಗನ ತಾಯಿ ಎರಡು ದಿನ ಬಿಟ್ಟು ಫೋನು ಮಾಡಿ, ನಿಮ್ಮ ಕಡೆಯವರು ಬಂದು ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಇದನ್ನು ಮರೆಯೋಣ, ಮಕ್ಕಳಿಗೋಸ್ಕರ, ಎಂದಳು. ಮಲ್ಜಾ ಅಡಕತ್ತರಿಯಲ್ಲಿ ಸಿಕ್ಕಿದಳು. ಸೋದಮ್ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಮಲ್ಜಾ ಅಕ್ಕನಿಗೆ ಹೇಳಿದಳು, ಇನ್ನೊಂದು ಸಲ ಸರಿಯಾಗಿ ನೋಡು, ಬೇರೆ ಏನಾದರೂ ಸಿಗುತ್ತದೇನೋ, ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದು.

ಅಕ್ಕ ನೋಡಿದಳು. ಈ ಸಲ ಕಲಿತದ್ದನ್ನು ಕಲಿತ ಹಾಗೆ ಮಾಡಿದಳು. ಯೋಮ್ ಎಂಬ ಪದವನ್ನೇ ತೆಗೆದಳು. ಮಣಿಕಟ್ಟು, ಮಂಚ, ವೃದ್ಧರ ಆಸ್ಪತ್ರೆ, ತೀರ್ಪು ಎಂದು ಬರೆದಳು. ಘಟನೆ ನಡೆದ ಮರುವರ್ಷದ ದಿನಾಂಕ ಕೊಟ್ಟಳು. ಸುಂಚೋನಿನ ಸಣ್ಣದೊಂದು ಪತ್ರಿಕೆ ಬಂತು. ನ್ಯಾಯಾಲಯ ಶಿಕ್ಷೆ ಕೊಟ್ಟ ಸುದ್ದಿ. ಅದೇ ಆಸ್ಪತ್ರೆ, ಅದೇ ಮುದುಕ, ಅದೇ ಯೋಮ್. ಕೊನೆಯಲ್ಲಿ ಒಂದು ಸಾಲಿತ್ತು. ಆಕೆಗೆ ಎದೆಹಾಲು ಕುಡಿಯುವ ಮಗುವಿದೆ, ಗಂಡ ಊರಲ್ಲಿಲ್ಲ, ಕನಿಕರ ತೋರಬೇಕು ಎಂದು ವಕೀಲರು ಕೇಳಿಕೊಂಡಿದ್ದರು.

ಯೋಮ್ ಎಂಬವರು ಹೆಂಗಸು.

ಮೊದಲ ಸುದ್ದಿಯಲ್ಲಿ ಅವನು ಎಂದು ಎಲ್ಲಿಯೂ ಇರಲಿಲ್ಲ. ನಮ್ಮ ಪತ್ರಿಕೆಗಳ ವಾಕ್ಯ ಗಂಡು ಹೆಣ್ಣು ಹೇಳದೆಯೇ ಮುಗಿದುಹೋಗುತ್ತದೆ. ಗಂಡಸನ್ನು ಅಲ್ಲಿ ಕೂರಿಸಿದವಳು ಓದಿದವಳು.

ಅಕ್ಕ ಆ ಸಾಲು ನೋಡುತ್ತ ಕೂತಿದ್ದಾಗಲೇ ಫೋನು ಗುಂಯ್‌ಗುಟ್ಟಿತು. ಮಲ್ಜಾ.

"ಏನಕ್ಕ, ಸಿಕ್ತಾ ಏನಾದ್ರೂ?"

"ಇಲ್ಲ. ಬೇರೇನೂ ಸಿಗಲಿಲ್ಲ."

ಇದನ್ನು ಅಕ್ಕ ನನಗೆ ಹೇಳಿದಾಗ ನನ್ನ ಕಡೆ ನೋಡಲಿಲ್ಲ. ಬಾಯಿಗೆ ನಿಜ ಬರುವಷ್ಟರಲ್ಲಿ ಸುಳ್ಳು ದಾಟಿಬಿಟ್ಟಿತ್ತು ಎಂದಳು. ನಾಳೆ ಬೆಳಿಗ್ಗೆ ಸರಿಮಾಡಿದರಾಯಿತು ಅಂದುಕೊಂಡಳು. ಬೆಳಿಗ್ಗೆ ಎದ್ದಾಗ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತ್ತು. ಅದರ ಮರುದಿನ ಅದು ಇನ್ನೂ ದಪ್ಪಗಾಯಿತು. ಮಲ್ಜಾ ಅಷ್ಟರಲ್ಲಿ ಹುಡುಗನ ತಾಯಿಗೆ ತಾವು ಬರುವುದಿಲ್ಲ ಎಂದು ಹೇಳಿಯಾಗಿತ್ತು. ಅತ್ತ ಕಡೆಯವರು ಗೊತ್ತು ಮಾಡಿದ್ದ ಮದುವೆ ಸಭಾಂಗಣವನ್ನು ಬಿಟ್ಟುಕೊಟ್ಟರು. ಸೋದಮ್ ಶಿಶುವಿಹಾರದ ಕೆಲಸಕ್ಕೆ ರಜೆ ಹಾಕಿ ಬಾಗಿಲು ಹಾಕಿಕೊಂಡಳು.

ಬೀದಿಗೆ ಇದು ಬೇರೆ ರೀತಿಯಲ್ಲಿ ತಲುಪಿತ್ತು. ಪಿಲ್ಸುನ್ ಇಲ್ಲದಿದ್ದರೆ ಹುಡುಗಿ ರಾಕ್ಷಸನ ಕೈಗೆ ಬೀಳುತ್ತಿದ್ದಳು ಎಂದು ಜನ ಮಾತಾಡಿಕೊಂಡರು. ಮಾ ಅಣ್ಣ ಒಣಗಿಸಿದ ಮೀನಿನ ಸರ ತಂದು, ನಮ್ಮ ಬೀದಿಗೆ ಒಬ್ಬಳು ಪತ್ತೇದಾರಿಣಿ ಇದ್ದಾಳೆ ಎಂದು ಲಾಂಡ್ರಿಯ ಕಟ್ಟೆಯ ಮೇಲಿಟ್ಟ. ಅಕ್ಕ ತೆಗೆದುಕೊಂಡು ಒಳಗಿಟ್ಟಳು. ಆ ಮೀನನ್ನು ಭಾವ ಒಬ್ಬನೇ ತಿಂದ. ನಾನು ಗಮನಿಸಿದ್ದು ಬೇರೆ. ಗೋಡೆ ಹತ್ತುವ ಬೆರಳಿನ ಸದ್ದು ನಿಂತಿತ್ತು. ಭುಜ ವಾಸಿಯಾಯಿತೇ ಎಂದು ಕೇಳಿದೆ. ಇಲ್ಲ ಎಂದಳು.

ಒಂದು ದಿನ ಸುಟ್ಟ ವಾಸನೆ ಬಂತು. ಮೊದಲು ನನ್ನ ಬಾಣಲೆ ಎಂದುಕೊಂಡೆ. ಅಕ್ಕ ಯಾರದೋ ಮಗನ ಶಾಲೆಯ ಕೋಟಿನ ಮೇಲೆ ಇಸ್ತ್ರಿ ಇಟ್ಟು ಮರೆತು ನಿಂತಿದ್ದಳು. ಆ ಅಂಗಡಿಯಲ್ಲಿ ಒಂದು ಬಟ್ಟೆ ಸುಟ್ಟದ್ದನ್ನು ನಾನು ಅವತ್ತಿನ ತನಕ ಕಂಡಿರಲಿಲ್ಲ. ಭಾವ ಇಸ್ತ್ರಿ ಕಿತ್ತು ಪಕ್ಕಕ್ಕಿಟ್ಟು, ಏನಾಗಿದೆ ನಿನಗೆ ಎಂದು ಕೇಳಿದ. ಅವಳು ಅಲ್ಲೇ, ಬಟ್ಟೆಗಳು ತೂಗುವ ಸಾಲಿನ ನಡುವೆ ನಿಂತು ಎಲ್ಲವನ್ನೂ ಹೇಳಿದಳು. ನಾನು ಬಾಗಿಲಲ್ಲಿದ್ದೆ, ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ.

ಭಾವ ಮಾತಿನವನು, ಆದರೆ ಆ ಹೊತ್ತು ಮಾತು ಹುಡುಕಬೇಕಾಯಿತು.

"ತಪ್ಪು ಓದಿದ್ದು ಓದಿದೆ. ಗೊತ್ತಾದ ಮೇಲೂ ಬಾಯ್ಮುಚ್ಕೊಂಡಿದ್ಯಲ್ಲ, ಅದನ್ನ ಎಲ್ಲಿಂದ ಕಲ್ತೆ?"

ಭಾವ ಅವಳ ಏಪ್ರನ್ನಿನ ಗಂಟು ತಾನೇ ಬಿಚ್ಚಿ, ಈಗಲೇ ಹೋಗು, ಬೇಕಾದರೆ ನಾನೂ ಬರುತ್ತೇನೆ ಎಂದ. ಒಬ್ಬಳೇ ಹೋಗುತ್ತೇನೆ ಎಂದು ಅವಳು ಹೊರಟಳು. ಚಪ್ಪಲಿ ಬದಲಾಯಿಸುವುದನ್ನೂ ಮರೆತು ಅಂಗಡಿಯ ರಬ್ಬರ್ ಚಪ್ಪಲಿಯಲ್ಲೇ ಇಳಿಜಾರು ಇಳಿದು ಹೋದಳು.

ಮಲ್ಜಾ ಅಡುಗೆಮನೆಯ ನೆಲದ ಮೇಲೆ ಕೂತು ಮೊಳಕೆಕಾಳಿನ ಬಾಲ ಕೀಳುತ್ತಿದ್ದಳಂತೆ. ಅಕ್ಕ ಎದುರಿಗೆ ಮಂಡಿಯೂರಿ ಕೂತು ಫೋನಿನಲ್ಲಿ ಆ ಸಾಲು ತೋರಿಸಿದಳು. ಮಲ್ಜಾ ಓದಿದಳು. ಕೈ ನಿಲ್ಲಿಸಲಿಲ್ಲ, ಒಂದೊಂದೇ ಕಾಳಿನ ಬಾಲ ಕಿತ್ತು ಬೋಗುಣಿಗೆ ಹಾಕುತ್ತಲೇ ಕೇಳಿದಳು.

"ಯಾವತ್ತು ಗೊತ್ತಾಯ್ತು?"

"ನೀನು ಫೋನ್ ಮಾಡಿ ಕೇಳಿದ ದಿನ."

"ಕೇಳೋಕೆ ಮುಂಚೇನಾ, ಆಮೇಲಾ?"

ಆಮೇಲೆ ಎಂದು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮುಂಚೆ" ಎಂದಳು ಅಕ್ಕ.

ಮಲ್ಜಾ ಎದ್ದು ಹೋಗಿ ನಲ್ಲಿ ಬಿಟ್ಟಳು. ನೀರು ಸುಮ್ಮನೆ ಹರಿಯುತ್ತಿತ್ತು, ಅವಳು ಏನನ್ನೂ ತೊಳೆಯುತ್ತಿರಲಿಲ್ಲ. ಬೆನ್ನು ತಿರುಗಿಸಿಯೇ ಹೇಳಿದಳು, ಟೋಪನ್ ಹೆಣೆದು ನೀನು ನನ್ನನ್ನು ಓದಿಸಿದೆ, ಹಾಗಾಗಿ ನಾನು ಬಾಯಿಗೆ ಬಂದದ್ದು ಆಡಲಾರೆ, ಅದಕ್ಕೇ ಈಗ ಹೋಗಿಬಿಡು ಎಂದು. ಬೈದಿದ್ದರೆ ಹೊತ್ತುಕೊಂಡು ಬರುತ್ತಿದ್ದೆ, ಆ ಮಾತನ್ನು ಹೊರಲಾಗಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ಏಳಲು ಹೋದರೆ ಕೋಣೆಯ ಬಾಗಿಲಲ್ಲಿ ಸೋದಮ್ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ, ಕೂಗಾಡಲಿಲ್ಲ.

"ನೀವು ಓದಿದ್ದು ಸುದ್ದಿ ದೊಡ್ಡಮ್ಮ. ನಾನು ಅವನನ್ನ ನಾಲ್ಕು ವರ್ಷದಿಂದ ನೋಡಿದ್ದೆ. ಆದ್ರೂ ನೀನಲ್ವಾ ಅಂತ ಕೇಳ್ಬಿಟ್ಟೆ."

ಅವಳು ಆ ಸಂಜೆಯೇ ಜಿನ್ಮೋಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, ಗೊತ್ತಾದದ್ದು ಒಳ್ಳೆಯದಾಯಿತು, ಊಟ ಬಿಡಬೇಡ ಎಂದನಂತೆ. ಅಷ್ಟೇ. ಮತ್ತೆ ಮಾಡಿದಾಗ ಎತ್ತಲಿಲ್ಲ.

ಅಕ್ಕ ಸುಂಚೋನಿಗೆ ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿ ಅವನು ಒಬ್ಬ ಮುದುಕಿಯ ಸೊಂಟದ ಪಟ್ಟಿ ಹಿಡಿದು ಹೆಜ್ಜೆ ಹಾಕಿಸುತ್ತಿದ್ದ. ಆ ಮುದುಕಿ ಅವನ ಮೇಲೆ ರೇಗುತ್ತಿದ್ದಳು, ಅವನು ನಗಿಸುತ್ತಿದ್ದ. ಅದನ್ನು ನೋಡುತ್ತ ನಿಂತಾಗ ತನಗೆ ಓಡಿಹೋಗಬೇಕು ಅನ್ನಿಸಿತು ಎಂದಳು ಅಕ್ಕ. ಕೆಲಸ ಮುಗಿಸಿ ಬಂದವನು ಅವಳನ್ನು ಕಂಡು ನಮಸ್ಕರಿಸಿದ. ಓಣಿಯ ಬೆಂಚಿನ ಮೇಲೆ ಕೂರಿಸಿದ. ಅವಳು ಕೆಳಗಿಳಿದು ಮಂಡಿಯೂರಲು ಹೋದರೆ ತೋಳು ಹಿಡಿದು ಎತ್ತಿದ. ಹಿಡಿಯುವಾಗ ಬಲಭುಜಕ್ಕೆ ನೋವಾಗದ ಹಾಗೆ ಎಡಗಡೆಯೇ ಹಿಡಿದ.

"ಆ ಹೆಂಗಸು ಯಾರು ಅಂತ ನಂಗೂ ಗೊತ್ತಿಲ್ಲ. ನೀವು ಹುಡುಕಿದ್ದಕ್ಕೆ ನನಗೇನೂ ಬೇಜಾರಿಲ್ಲ, ಈಗ ಎಲ್ಲರೂ ಹುಡುಕ್ತಾರೆ. ಆದ್ರೆ ನಿಮ್ಮ ಎದುರಿಗೇ ಕೂತು ಊಟ ಮಾಡಿದ್ದೆ. ನನ್ನನ್ನೇ ಕೇಳ್ಬಹುದಿತ್ತು."

ದೊಡ್ಡಮ್ಮ ಎಂದು ಅವನು ಕರೆಯಲಿಲ್ಲ. ಏನೆಂದೂ ಕರೆಯಲಿಲ್ಲ. ಅವನ ಎಲ್ಲ ಮಾತಿನಲ್ಲೂ ಆ ಜಾಗ ಖಾಲಿ ಇತ್ತು, ನನಗೆ ಅದೇ ಕೇಳಿಸುತ್ತಿತ್ತು ಎಂದಳು.

ಸೋದಮ್‌ಳದು ತಪ್ಪಿಲ್ಲ, ಎಲ್ಲ ನನ್ನದು, ಒಂದು ಸಲ ಅವಳನ್ನು ನೋಡು ಎಂದು ಅಕ್ಕ ಬೇಡಿಕೊಂಡಳು. ಅವನು ತನ್ನ ಕೈಗಳನ್ನು ನೋಡಿಕೊಂಡ. ಮುದುಕರನ್ನು ಎತ್ತಿ ಇಳಿಸುವ ಕೆಲಸ ತನ್ನದು, ಮನೆಗೆ ಹೋದ ಮೇಲೆ ಆ ಪ್ರಶ್ನೆ ಕೇಳಿದ ಮುಖ ಎದುರಿಗಿದ್ದರೆ ಬದುಕುವುದು ಕಷ್ಟ ಎಂದು ಹೇಳಿದ. ಅವಳ ಮೇಲೆ ಸಿಟ್ಟಿಲ್ಲ, ಆದರೆ ಆಗುವುದಿಲ್ಲ. ತನ್ನ ಅಮ್ಮನ ಹತ್ತಿರ ಹೋಗಬೇಡಿ, ತಾನೇ ಹೇಳುತ್ತೇನೆ ಎಂದ.

ಅಕ್ಕ ಕೇಳಲಿಲ್ಲ, ಹೋದಳು. ಅವರ ಮನೆ ಎತ್ತರದ ಕಟ್ಟಡದಲ್ಲಿ. ಕರೆಗಂಟೆ ಒತ್ತಿದರೆ ಬಾಗಿಲು ತೆರೆಯಲಿಲ್ಲ, ಗೋಡೆಗೆ ಹಾಕಿದ ಮಾತಿನ ಡಬ್ಬಿಯಿಂದ ಹುಡುಗನ ತಾಯಿಯ ದನಿ ಬಂತು. ಅಕ್ಕ ತಾನು ಯಾರೆಂದು ಹೇಳಿ, ಕ್ಷಮೆ ಕೇಳಲು ಬಂದಿದ್ದೇನೆ ಎಂದಳು.

"ನಮ್ಮನೇಲಿ ಯಾರಾದ್ರೂ ಇದ್ದಾರಾ ಅಂತ ಫೋನಲ್ಲೇ ನೋಡ್ಕೊಳ್ಳಿ" ಎಂದಿತು ಡಬ್ಬಿ.

ಪಕ್ಕದ ಮನೆಯವರು ಬಾಗಿಲು ಸಂದಿಯಿಂದ ಇಣುಕಿದರು. ಅಕ್ಕ ಆ ಡಬ್ಬಿಗೇ ಬಾಗಿ ನಮಸ್ಕಾರ ಮಾಡಿ ಬಂದಳು.

ವಾಪಸು ಬಂದವಳು ಮಾಡಿದ್ದು ಏನೆಂದರೆ, ಬೀದಿಯ ಒಂದೊಂದೇ ಅಂಗಡಿಗೆ ಹೋಗಿ ಹೇಳಿದಳು. ಆ ಹುಡುಗ ಒಳ್ಳೆಯವನು, ನಾನು ತಪ್ಪು ಓದಿದೆ, ತಿಳಿದ ಮೇಲೂ ಸುಳ್ಳು ಹೇಳಿದೆ. ಈ ಎರಡನೆಯ ಮಾತನ್ನು ಬಿಡಬಹುದಿತ್ತು, ಬಿಡಲಿಲ್ಲ. ಕೆಲವರು ಆಯಿತು ಬಿಡಿ ಎಂದರು. ಕೆಲವರು ಕೇಳಿ ತಮ್ಮ ಕೆಲಸಕ್ಕೆ ತಿರುಗಿದರು. ಮಾ ಅಣ್ಣ ವಾತಾವರಣ ಹಗುರ ಮಾಡಲು ಹೋಗಿ, ಹಾಗಾದರೆ ನನ್ನ ಮೀನು ವಾಪಸು ಕೊಡು ಎಂದ. ಅಕ್ಕ ಮರುದಿನ ಅಷ್ಟೇ ಮೀನನ್ನು ಬಂದರಿನಿಂದ ಕೊಂಡು ತಂದು ಅವನ ಅಂಗಡಿಯಲ್ಲಿಟ್ಟಳು. ಅವನು ಬೇಡ ಬೇಡ ಎನ್ನುತ್ತ ಕಿವಿಯವರೆಗೆ ಕೆಂಪಾದ. ಕೆಲವು ತಿಂಗಳು ಲಾಂಡ್ರಿಗೆ ಬಟ್ಟೆ ಕಡಿಮೆಯಾಯಿತು. ಜನ ಬಟ್ಟೆಗೆ ಹೆದರಿದರೋ, ಅವಳ ಕಣ್ಣಿಗೆ ಬೀಳಲು ಹೆದರಿದರೋ ಗೊತ್ತಿಲ್ಲ.

ಹುಡುಕುವುದನ್ನು ಅವಳು ಬಿಟ್ಟಿಲ್ಲ. ಬಾಯ್ಲರಿನ ಸಂಖ್ಯೆ, ಕಲೆಯ ಔಷಧಿ, ಬಸ್ಸಿನ ವೇಳೆ ಕೇಳಿದರೆ ನೋಡಿ ಹೇಳುತ್ತಾಳೆ. ಮನುಷ್ಯರ ಹೆಸರು ಹೇಳಿದರೆ ಫೋನನ್ನು ಮಗುಚಿ ಇಡುತ್ತಾಳೆ. ಯಾಕೆ ಎಂದು ಹೊಸಬರು ಕೇಳಿದರೆ ಕಾರಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ, ಕತ್ತಿನವರೆಗೆ ಕೆಂಪಾಗುತ್ತ. ಗಿರಾಕಿಗಳ ಎದುರು ಇದೆಲ್ಲ ಬೇಕಾ ಎಂದು ಭಾವ ಬೈಯುತ್ತಾನೆ. ಅವಳು ಕೇಳುವುದಿಲ್ಲ.

ಜಿನ್ಮೋ ಮರುವರ್ಷ ಬೇರೆ ಕಡೆ ಮದುವೆಯಾದನೆಂದು ಕೇಳಿದೆವು. ಸೋದಮ್ ಗ್ವಾಂಗ್ಜು ನಗರಕ್ಕೆ ಹೋಗಿ ಅಲ್ಲಿನ ಶಿಶುವಿಹಾರ ಸೇರಿದಳು. ಹಬ್ಬಕ್ಕೆ ಬಂದರೂ ಈ ರಸ್ತೆ ಹತ್ತುತ್ತಿರಲಿಲ್ಲ. ಮಲ್ಜಾ ಬೀದಿಯಲ್ಲಿ ಎದುರಾದರೆ ತಲೆಯಾಡಿಸಿ ದಾಟುತ್ತಿದ್ದಳು.

ಚಳಿಗಾಲಕ್ಕೆ ಮುಂಚೆ ನನ್ನ ಅಂಗಡಿಯ ಹಿಂದಿನ ಅಂಗಳದಲ್ಲಿ ಕಿಮ್ಚಿ ಹಾಕುತ್ತೇವೆ. ಎಲೆಕೋಸನ್ನು ಉಪ್ಪಿನಲ್ಲಿ ನೆನೆಸಿ, ಎಲೆ ಎಲೆಯ ನಡುವೆ ಕಾರದ ಮಸಾಲೆ ಸವರಿ ಜಾಡಿ ತುಂಬುವುದು. ಅಕ್ಕಪಕ್ಕದ ಹೆಂಗಸರೆಲ್ಲ ಸೇರುತ್ತಾರೆ. ಮದುವೆ ಮುರಿದ ವರ್ಷ ಮಲ್ಜಾ ಬರಲಿಲ್ಲ. ಮರುವರ್ಷ ಬಂದಳು. ಅಕ್ಕನಿಂದ ದೂರದ ತುದಿಯಲ್ಲಿ ಕೂತು, ಕೆಲಸ ಮುಗಿಸಿ, ತನ್ನ ಪಾಲಿನ ಡಬ್ಬಿ ಎತ್ತಿಕೊಂಡು ಹೋದಳು. ಅದರ ಮುಂದಿನ ವರ್ಷ ಜನ ಕಡಿಮೆ ಇದ್ದರು, ಬೋಗುಣಿ ಒಂದೇ. ಅಕ್ಕತಂಗಿಯರು ಅದರ ಎರಡು ಕಡೆ ಕೂರಬೇಕಾಯಿತು. ಅಕ್ಕ ತಲೆ ಎತ್ತಲಿಲ್ಲ. ಮೊಣಕೈವರೆಗಿನ ಕೆಂಪು ಗ್ಲೌಸಿನಲ್ಲಿ ಮಸಾಲೆ ಸವರುತ್ತ ಕೋಸನ್ನು ತಂಗಿಯ ಕಡೆ ದೂಡುತ್ತಿದ್ದಳು, ತಂಗಿ ಮಡಿಸಿ ಡಬ್ಬಿಗಿಡುತ್ತಿದ್ದಳು. ನಾನು ಅವರ ಮಧ್ಯೆ ಏನಾದರೂ ಮಾತು ಹಾಕಬೇಕೆಂದು ಹವಾಮಾನದ ವಿಷಯ ತೆಗೆದೆ, ಯಾರೂ ಹಿಡಿದುಕೊಳ್ಳಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಮಲ್ಜಾ ಒಂದು ಎಳೆ ಎಲೆ ಕಿತ್ತು, ಮಸಾಲೆ ಸುತ್ತಿ, ಬಾಯಿಗೆ ಹಾಕಿಕೊಂಡು ಅಗಿದಳು.

"ಉಪ್ಪು ಕಡಿಮೆ" ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಅಕ್ಕ ಎದ್ದು ಉಪ್ಪಿನ ಚೀಲ ತರಲು ಹೋದಳು. ಒಳಗೆ ಹೋದವಳು ಬೇಗ ಬರಲಿಲ್ಲ. ಮಲ್ಜಾ ಕೈ ನಿಲ್ಲಿಸಿ, ಆ ಬಾಗಿಲ ಕಡೆ ನೋಡುತ್ತ ಕೂತಿದ್ದಳು.